ನನ್ನ ಹೆಸರಿಗೇ ಬಂದ ಕಾಗದ

ಸೋದರಿಯರೇ, ನಿಮ್ಮ ಫೋನಿಗೆ ಬೀಗ ಇದೆಯೇ? ನಾಲ್ಕು ಅಂಕಿ ಒತ್ತಿದರೆ, ಇಲ್ಲವೇ ಬೆರಳಿಟ್ಟರೆ ತೆರೆದುಕೊಳ್ಳುತ್ತದಲ್ಲ, ಆ ಬೀಗದ ಮಾತು. ಇದ್ದರೆ, ಆ ಅಂಕಿ ಮನೆಯಲ್ಲಿ ಎಷ್ಟು ಮಂದಿಗೆ ಗೊತ್ತು? ಇನ್ನೂ ಒಂದು ಪ್ರಶ್ನೆ ಇದೆ. ನಿಮ್ಮ ಯಜಮಾನರ ಫೋನಿನ ಅಂಕಿ ನಿಮಗೆ ಗೊತ್ತೇ?

ನಮ್ಮ ಭಜನಾ ಮಂಡಳಿಯಲ್ಲಿ ಒಂದು ಶುಕ್ರವಾರ ಮಂಗಳಾರತಿ ಮುಗಿದು ಕೋಸಂಬರಿ ಹಂಚುತ್ತಿದ್ದಾಗ ಈ ಮಾತು ಬಂತು. ಬೀಗವೇ ಇಲ್ಲ ಅಂದವರು ಕೆಲವರು. ಇದೆ, ಆದರೆ ಮಗ ಹಾಕಿಕೊಟ್ಟದ್ದು, ನನಗೇ ಒಂದೊಂದು ಸಲ ಮರೆತುಹೋಗುತ್ತೆ ಅಂದವರು ಕೆಲವರು. ಒಬ್ಬರು ಮಾತ್ರ ಕೈ ಒರೆಸಿಕೊಳ್ಳುತ್ತಾ, "ನನ್ನ ಫೋನಿನಲ್ಲಿ ಮುಚ್ಚಿಡೋವಂಥದ್ದು ಏನೂ ಇಲ್ಲಪ್ಪ, ನಾನು ಅಂಥವಳಲ್ಲ" ಅಂದರು. ಎಲ್ಲರೂ ನಕ್ಕೆವು. ಆದರೆ ಆ 'ಅಂಥವಳಲ್ಲ' ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೀರುವಿಗೆ ಬೀಗ ಹಾಕುತ್ತೇವೆ, ಯಾರೂ ಏನೂ ಅನ್ನುವುದಿಲ್ಲ. ಬಚ್ಚಲುಮನೆಗೆ ಚಿಲಕ ಹಾಕುತ್ತೇವೆ, ಒಳಗೆ ಕಳ್ಳತನ ಮಾಡುತ್ತಿದ್ದಾಳೆ ಅಂತ ಯಾರೂ ಅನುಮಾನಿಸುವುದಿಲ್ಲ. ಹೆಂಗಸು ತನ್ನ ಮಾತಿಗೆ ಬೀಗ ಹಾಕಿದರೆ ಮಾತ್ರ ಹುಬ್ಬು ಮೇಲೇರುತ್ತದೆ. ಯಾಕೆ ಹೀಗೆ?

ಇದು ಫೋನು ಬಂದ ಮೇಲೆ ಹುಟ್ಟಿದ ರೋಗವೇನಲ್ಲ. ನನ್ನ ಮದುವೆಯಾದದ್ದು 2000ದಲ್ಲಿ. ತವರು ಹೊಸದುರ್ಗದ ಕಡೆಯ ಒಂದು ಹಳ್ಳಿ, ಸೇರಿದ್ದು ತಿಪಟೂರಿಗೆ. ತವರುಮನೆಯಲ್ಲಿ ಆಗ ಫೋನಿರಲಿಲ್ಲ. ಅಮ್ಮ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದಳು. ಅವಳ ಬಾಯಲ್ಲಿ ಅದು 'ಇಂಗ್ಲೆಂಡ್ ಲೆಟ್ರು'. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಹುರುಳಿಕಾಳಿನ ಹಾಗೆ ದುಂಡಗೆ, ದೊಡ್ಡದಾಗಿ ಬರೆಯುತ್ತಿದ್ದಳು. ಅರ್ಧ ವಿಷಯ ಹೇಳುವಷ್ಟರಲ್ಲಿ ಹಾಳೆ ಮುಗಿದುಹೋಗುತ್ತಿತ್ತು. ಮಿಕ್ಕದ್ದನ್ನು ಅಂಚಿನಲ್ಲಿ ಸುತ್ತಿ ಸುತ್ತಿ ಬರೆಯುವಳು. ಓದಬೇಕಾದರೆ ಕಾಗದವನ್ನು ಗಿರಗಿರ ತಿರುಗಿಸಬೇಕು.

ಮೇಲೆ ನನ್ನ ಹೆಸರೇ ಇರುತ್ತಿತ್ತು. ಆದರೆ ಪೋಸ್ಟ್‌ಮ್ಯಾನು ಅದನ್ನು ಕೊಡುತ್ತಿದ್ದದ್ದು ಜಗುಲಿಯ ಮೇಲೆ ಕೂತಿರುತ್ತಿದ್ದ ಮಾವನವರ ಕೈಗೆ. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು, ಅಚ್ಚುಕಟ್ಟಿನ ಮನುಷ್ಯ. ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡು, ಒಂದಕ್ಷರವೂ ಹರಿಯದ ಹಾಗೆ ಅಂಚು ಬಿಡಿಸಿ, ತಾವು ಓದಿ, ಅತ್ತೆಯವರಿಗೂ ಓದಿ ಹೇಳಿ, ಆಮೇಲೆ "ತಗೋಮ್ಮ, ನಿಮ್ಮ ತಾಯಿ ಬರೆದಿದ್ದಾರೆ, ಎಲ್ಲ ಕ್ಷೇಮವಂತೆ" ಅಂತ ನನಗೆ ಕೊಡುವರು. ಅವರು ಕೆಟ್ಟ ಮನಸ್ಸಿನವರಲ್ಲ. ಕೊನೆಗಾಲದಲ್ಲಿ ನನ್ನ ಕೈಯಿಂದ ಗಂಜಿ ಕುಡಿದು, ಮಗಳಿಗಿಂತ ಹೆಚ್ಚು ಅಂದು ಹೋದವರು. ಸೊಸೆಗೆ ಬಂದ ಕಾಗದ ಸೊಸೆಯದು ಎನ್ನುವ ಯೋಚನೆಯೇ ಅವರ ತಲೆಗೆ ಹೊಳೆದಿರಲಿಕ್ಕಿಲ್ಲ. ಮನೆಗೆ ಬಂದದ್ದು ಮನೆಯದು, ಅಷ್ಟೇ.

ನಾನು ಬರೆದದ್ದೂ ಹಾಗೆಯೇ. ಅಂಟಿಸುವ ಮುಂಚೆ "ನಮ್ಮ ನಮಸ್ಕಾರ ಬರೆದೆಯಾ?" ಅಂತ ಒಂದು ಸಲ ಕಣ್ಣಾಡಿಸುವರು. ಹಾಗಾಗಿ ನಾನೂ ಅಮ್ಮನೂ ಒಂದು ಉಪಾಯ ಮಾಡಿಕೊಂಡಿದ್ದೆವು. "ಹಿತ್ತಲಿನ ಕನಕಾಂಬರಕ್ಕೆ ನೀರು ಹಾಕುತ್ತಿದ್ದೀಯಾ?" ಅಂತ ನಾನು ಬರೆದರೆ, ಮನಸ್ಸಿಗೆ ಬೇಜಾರಾಗಿದೆ, ಏನಾದರೂ ನೆಪ ಹೇಳಿ ಅಣ್ಣನನ್ನು ಕರೆಯಲಿಕ್ಕೆ ಕಳಿಸು ಅಂತ ಅರ್ಥ. ಹತ್ತು ದಿನದಲ್ಲಿ ಅಣ್ಣ ಬಂದು ಜಗುಲಿಯ ಮೇಲೆ ಕೂತಿರುತ್ತಿದ್ದ. ನಮ್ಮ ಹಿತ್ತಲಿನಲ್ಲಿ ಕನಕಾಂಬರದ ಗಿಡವೇ ಇರಲಿಲ್ಲ ಅನ್ನುವುದನ್ನು ಈ ಮನೆಯಲ್ಲಿ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಈಗ ಅಚ್ಚಿನಲ್ಲಿ ಓದಿ ನಮ್ಮ ಯಜಮಾನರು ಏನನ್ನುತ್ತಾರೋ!

ಆಮೇಲೆ ಮನೆಗೆ ಫೋನು ಬಂತು, ನಡುಮನೆಯ ಸ್ಟೂಲಿನ ಮೇಲೆ, ಕ್ರೋಷಾ ಹೊದಿಕೆ ಹೊದ್ದುಕೊಂಡು. ಅದರಲ್ಲಿ ಮಾತಾಡುವುದೂ ಒಂದೇ, ರಥಬೀದಿಯಲ್ಲಿ ನಿಂತು ಕೂಗುವುದೂ ಒಂದೇ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾಯಿತಲ್ಲ, ಅದಾದ ಸ್ವಲ್ಪ ದಿನಕ್ಕೆ ನಮ್ಮವರು ಹೊಸ ಫೋನು ಕೊಂಡು ತಮ್ಮ ಹಳೆಯದನ್ನು ನನಗೆ ಕೊಟ್ಟರು. ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ಮಗಳು ವಾಟ್ಸಾಪು ಹಾಕಿಕೊಟ್ಟಳು. ನನ್ನಕ್ಕನಿಗೂ ಹೀಗೇ ಮಗನ ಹಳೆಯ ಫೋನು ಸಿಕ್ಕಿತ್ತು. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ಎರಡು ಗಂಟೆಗೆ ಕೂತರೆ ಅಕ್ಕನ ಮೆಸೇಜು ಬಂದಿರುತ್ತಿತ್ತು. ಮೊದಮೊದಲು ಕನ್ನಡದಲ್ಲಿ ಒತ್ತಲಿಕ್ಕೆ ಬಾರದೆ ಒಬ್ಬರಿಗೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಏನೇನೋ ಬರೆದು ನಕ್ಕಿದ್ದೇ ನಕ್ಕಿದ್ದು. ಆಮೇಲೆ ವಾಯ್ಸ್ ಮೆಸೇಜು ಕಲಿತೆವು. ಗುಂಡಿ ಒತ್ತಿ ಹಿಡಿದು ಮಾತಾಡಿ ಬಿಟ್ಟರೆ ಆಯಿತು. ಅಕ್ಷರ ತಿಳಿಯದವರೂ ಅದರಲ್ಲಿ ಮನಸ್ಸು ಬಿಚ್ಚಿ ಮಾತಾಡಬಹುದು. ವಾಂಗೀಬಾತಿನ ಪುಡಿಗೆ ಎಷ್ಟು ಚಕ್ಕೆ ಅನ್ನುವುದರಿಂದ ಹಿಡಿದು, ಮುಟ್ಟು ನಿಲ್ಲುವ ಕಾಲದ ಉರಿ, ಸೆಖೆ, ಸಿಟ್ಟು, ಯಾರ ಮೇಲೆ ಯಾಕೆ ಅಂತ ಗೊತ್ತಿಲ್ಲದ ಅಳು, ಎಲ್ಲವನ್ನೂ ಹೇಳಿಕೊಂಡೆವು.

ನನಗೆ ನಲವತ್ತರ ಹತ್ತಿರ ಬಂದಿತ್ತು. ನನ್ನ ಹೆಸರಿಗೆ ಬಂದ ಒಂದು ಮಾತನ್ನು ಬೇರೆ ಯಾರೂ ಮೊದಲು ಬಿಡಿಸದೆ ನಾನೇ ಬಿಡಿಸಿ ಓದಿದ್ದು ಅದೇ ಮೊದಲು. ಇದನ್ನು ಓದಿ ಪೇಟೆಯ ಹುಡುಗಿಯರು ನಗಬಹುದು. ನಿಮ್ಮಲ್ಲಿ ಎಷ್ಟೋ ಜನ ನಗಲಾರಿರಿ ಎಂದು ನನಗೆ ಗೊತ್ತು.

ಕೊರೊನಾ ಬಂದ 2020ರಲ್ಲಿ ಆ ಸುಖಕ್ಕೂ ಕುತ್ತು ಬಂತು. ಶಾಲೆ ಮುಚ್ಚಿತು, ಮಗನ ಆನ್‌ಲೈನ್ ಕ್ಲಾಸಿಗೆ ನನ್ನ ಫೋನೇ ಗತಿಯಾಯಿತು. ಅವನು ಗಣಿತದ ಮೇಷ್ಟರ ಮುಂದೆ ಕೂತಿರುವಾಗ ಮೇಲಿನಿಂದ ಅಕ್ಕನ ಮೆಸೇಜು ತೊಟಕ್ಕನೆ ಇಳಿಯುತ್ತಿತ್ತು. ಒಂದು ದಿನ, "ಅಮ್ಮಾ, ದೊಡ್ಡಮ್ಮನಿಗೆ ಏನೋ ರಕ್ತ ನಿಲ್ತಿಲ್ಲವಂತೆ, ಏನಾಗಿದೆ?" ಅಂತ ನಡುಮನೆಯಿಂದ ಕೂಗಿದ. ನಮ್ಮವರು, ಮೈದುನ, ಎಲ್ಲರೂ ಅಲ್ಲೇ ಇದ್ದರು. ಮಗುವಿನದೇನು ತಪ್ಪು ಹೇಳಿ. ಅವತ್ತೇ ಮಗಳ ಹತ್ತಿರ ಕೂತು ಎರಡು ಕೆಲಸ ಕಲಿತೆ. ಒಂದು, ಮೆಸೇಜು ಬಂದಾಗ ಸದ್ದು ಮಾತ್ರ ಬರಬೇಕು, ಒಳಗಿನ ಮಾತು ಗಾಜಿನ ಮೇಲೆ ಕಾಣಬಾರದು. ಅದಕ್ಕೆ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಷನ್ ಅನ್ನುವ ಕಡೆ ಹೋದರೆ ದಾರಿಯಿದೆ. ಇನ್ನೊಂದು, ಬೀಗ.

ಬೀಗ ಹಾಕಿದ ಮೂರನೇ ದಿನಕ್ಕೆ ನಮ್ಮವರಿಗೆ ಗೊತ್ತಾಯಿತು. ಕೋಪವೇನಿಲ್ಲ, ಆಶ್ಚರ್ಯ.

"ಏನೇ ಇದು, ಬೀಗ ಹಾಕೋಕೆ ಇದರಲ್ಲೇನು ಚಿನ್ನ ಇಟ್ಟಿದ್ದೀಯಾ?"

"ನಿಮ್ಮ ಫೋನಿಗೂ ಇದೆಯಲ್ಲ ರೀ?"

"ನನ್ನದು ಬೇರೆ. ಆಫೀಸಿನ ವಿಷಯ ಇರುತ್ತೆ."

"ನನ್ನದರಲ್ಲಿ ಅಕ್ಕನ ವಿಷಯ ಇರುತ್ತೆ."

ಅವರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ "ಅಷ್ಟೇ ತಾನೇ?" ಅಂತ ಇನ್ನೊಂದು ಸಲ ಕೇಳಿದರು. ಅಷ್ಟೇ ಅಂದೆ. ಆ 'ಅಷ್ಟೇ ತಾನೇ' ಸ್ವಲ್ಪ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಮೇಲೂ ಹೆಂಗಸು ಒಂದು ಮಾತನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬೇಕಾದರೆ ಅದಕ್ಕೆ ಲೆಕ್ಕ ಒಪ್ಪಿಸಬೇಕು. ಗಂಡಸಿಗೆ 'ಆಫೀಸು' ಅನ್ನುವ ಒಂದು ಪದ ಸಾಕು.

ಈ ವಾಟ್ಸಾಪಿನವರೂ ಒಂದು ಬೀಗ ಹಾಕುತ್ತಾರೆ, ಅದನ್ನು ಇಲ್ಲಿ ಹೇಳಬೇಕು. ಯಾರ ಜೊತೆಗಾದರೂ ಹೊಸದಾಗಿ ಮಾತು ಶುರುಮಾಡಿದರೆ ಮೇಲುಗಡೆ ಸಣ್ಣ ಅಕ್ಷರದಲ್ಲಿ ಬೀಗದ ಚಿತ್ರದ ಜೊತೆ ಒಂದು ಸಾಲು ಕಾಣುತ್ತದೆ. ನಾವು ಯಾರೂ ಓದುವುದಿಲ್ಲ. 2016ರ ಏಪ್ರಿಲಿನಿಂದ ವಾಟ್ಸಾಪಿನಲ್ಲಿ ಎಲ್ಲ ಮಾತಿಗೂ ಈ ಬೀಗ ಇದೆಯಂತೆ. ನಾನು ಬರೆದದ್ದು ನನ್ನ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ. ಅದರ ಕೀಲಿ ಅಕ್ಕನ ಫೋನಿನಲ್ಲಿ ಮಾತ್ರ ಇದೆ. ಮಧ್ಯದಲ್ಲಿ ಪೋಸ್ಟ್‌ಮ್ಯಾನ್ ಕೆಲಸ ಮಾಡುವ ಕಂಪನಿಯವರೂ ಬಿಡಿಸಿ ಓದಲಾರರು. ಯಾರು ಯಾರಿಗೆ, ಯಾವ ಹೊತ್ತಿಗೆ ಬರೆದರು ಅನ್ನುವುದು ಮಾತ್ರ ಅವರಿಗೆ ತಿಳಿಯಬಹುದು, ಲಕೋಟೆಯ ಮೇಲಿನ ವಿಳಾಸದ ಹಾಗೆ. 2009ರಲ್ಲಿ ಇದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಯಾನ್ ಕೋಮ್ ಎಂಬುವರು ಉಕ್ರೇನಿನಲ್ಲಿ ಹುಟ್ಟಿ ಬೆಳೆದವರು. ಆಗಿನ ಸೋವಿಯತ್ ಕಾಲದಲ್ಲಿ ಫೋನನ್ನು ಸರ್ಕಾರದವರು ಕದ್ದು ಕೇಳುತ್ತಾರೆಂಬ ಭಯ ಅಲ್ಲಿನ ಜನಕ್ಕಿತ್ತು. ಹಾಗೆ ಬೆಳೆದದ್ದರಿಂದಲೇ ತಮಗೆ ಖಾಸಗಿ ಮಾತಿನ ಬೆಲೆ ಗೊತ್ತು ಅಂತ ಅವರು ಹೇಳಿದ್ದಾರೆ. ನಮ್ಮ ಜಗುಲಿಯ ಮೇಲೆ ಪೊರಕೆಕಡ್ಡಿ ಹಿಡಿದು ಕೂರುತ್ತಿದ್ದ ನಮ್ಮ ಮಾವನವರ ನೆನಪಾಗಿ ನನಗೆ ನಗು ಬಂತು. 2014ರಲ್ಲಿ ಫೇಸ್‌ಬುಕ್ಕಿನವರು ಈ ಕಂಪನಿಯನ್ನು ಕೊಂಡುಕೊಂಡರು. ಅದು ದೊಡ್ಡವರ ವ್ಯವಹಾರ, ಬಿಡಿ.

ಮಧ್ಯದ ದಾರಿಗೆ ಇಷ್ಟು ಭದ್ರವಾದ ಬೀಗ ಇದೆ, ಸರಿ. ಕಾಗದ ಹೋಗಿ ತಲುಪಿದ ಮೇಲೆ? ನನ್ನಕ್ಕನಿಗೆ ಆದದ್ದು ಅದೇ. ಇದನ್ನು ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದರೆ ಊರಿನ ಹೆಸರು ಹಾಕಬೇಡ" ಅಂದಿದ್ದಾಳೆ, ಹಾಕುವುದಿಲ್ಲ.

2022ರ ಮಾತು. ಅಕ್ಕನಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅದೇ ಸಮಯಕ್ಕೆ ಅವಳ ಮಗಳಿಗೆ ಒಂದು ಸಂಬಂಧ ಕೂಡಿಬರುತ್ತಿತ್ತು. ಹುಡುಗನ ಕಡೆಯವರು ಬಂದು ನೋಡಿಕೊಂಡು ಹೋಗಿ, ಜಾತಕ ಸರಿಹೊಂದಿ, ಇನ್ನೇನು ಮಾತುಕತೆಗೆ ದಿನ ಇಡಬೇಕು. ಅಕ್ಕ ನನಗೆ ಹೇಳಿದಳು, ಭಾವನಿಗೆ ಹೇಳಿದಳು. ಆಸ್ಪತ್ರೆಗೆ ಹೋಗುವ ದಿನ ಮನೆ ನೋಡಿಕೊಳ್ಳಬೇಕಲ್ಲ ಅಂತ ಓರಗಿತ್ತಿಗೆ ಒಂದು ಮೆಸೇಜು ಬರೆದಳು. ಗಂಟಿನ ವಿಷಯ, ತನಗಾಗಿರುವ ಭಯ, 'ಯಾರಿಗೂ ಹೇಳಬೇಡ ಕಣೇ' ಅನ್ನುವ ಮಾತು, ಎಲ್ಲವೂ ಅದರಲ್ಲೇ ಇತ್ತು.

ಓರಗಿತ್ತಿಯೂ ಕೆಟ್ಟವಳಲ್ಲ. ಅವಳಿಗೆ ದಿಗಿಲಾಯಿತು. ತನ್ನ ತಂಗಿ ನರ್ಸು, ಅವಳನ್ನು ಕೇಳೋಣ ಅಂತ ಆ ಮೆಸೇಜನ್ನು ಹಾಗೇ ಫಾರ್ವರ್ಡ್ ಮಾಡಿದಳು. ತಂಗಿ ತಾಯಿಗೆ ಕಳಿಸಿದಳು. ಆ ತಾಯಿ ಪಾಪ, ಎಲ್ಲರೂ ಸೇರಿ ದೇವರಲ್ಲಿ ಬೇಡಿಕೊಳ್ಳಲಿ ಅಂತ ನೆಂಟರ ಗ್ರೂಪಿಗೆ ಹಾಕಿಬಿಟ್ಟರು. ಗ್ರೂಪಿನಲ್ಲಿ ಅರವತ್ತು ಚಿಲ್ಲರೆ ಜನ. ಒಂದು ಗಂಟೆಯೊಳಗೆ ಕೈ ಮುಗಿಯುವ ಚಿತ್ರಗಳ ಸಾಲು ಸಾಲು. ಅಕ್ಕನಿಗೆ ಗೊತ್ತಾದದ್ದು, ಯಾರೋ ಚಿಕ್ಕಮ್ಮ ಫೋನು ಮಾಡಿ ಅಳಲಿಕ್ಕೆ ಶುರುಮಾಡಿದಾಗ. ಓಡಿಹೋಗಿ ತಾನು ಬರೆದದ್ದನ್ನು 'ಎಲ್ಲರಿಗೂ ಅಳಿಸು' ಅಂತ ಒತ್ತಿದಳು. ಓರಗಿತ್ತಿಯ ಫೋನಿನಲ್ಲಿ ಮಾತ್ರ ಅಳಿಸಿತು. ಆಚೆ ಹೋದ ಪ್ರತಿಗಳು ಹಾಗೇ ಉಳಿದವು. ಬರೆದವರು ಅಳಿಸಬಹುದಾದದ್ದು ತಾವು ಕಳಿಸಿದ್ದನ್ನು ಮಾತ್ರ, ಇನ್ನೊಬ್ಬರು ಮುಂದೆ ದಾಟಿಸಿದ್ದನ್ನಲ್ಲ. ಇದನ್ನು ಹೆಂಗಸರು ಚೆನ್ನಾಗಿ ತಿಳಿದುಕೊಂಡಿರಬೇಕು.

ಫಾರ್ವರ್ಡ್ ಮಾಡುವುದಕ್ಕೆ ಒಂದು ಮಿತಿ ಇದೆ, ನಿಮಗೂ ಗೊತ್ತಿರಬಹುದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಮೆಸೇಜುಗಳು ಹಬ್ಬಿ ನಮ್ಮ ಬೀದರ್ ಜಿಲ್ಲೆಯಲ್ಲೇ ಒಬ್ಬ ಯುವಕನ ಪ್ರಾಣ ಹೋಯಿತು. ಬೇರೆ ರಾಜ್ಯಗಳಲ್ಲೂ ಹೀಗಾಯಿತು. ಆ ವರ್ಷವೇ ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದ ಹಾಗೆ ಮಾಡಿದರು. ಅಕ್ಕನ ವಿಷಯಕ್ಕೆ ಐದು ಬೇಕಾಗಲಿಲ್ಲ, ಒಂದೊಂದೇ ಸಾಕಾಯಿತು.

ಗಂಟು ಏನೂ ಅಲ್ಲವಾಗಿತ್ತು. ಮ್ಯಾಮೊಗ್ರಾಮ್ ಆಯಿತು, ಸೂಜಿ ಪರೀಕ್ಷೆ ಆಯಿತು, ನೀರುಗುಳ್ಳೆ ಅಂದರು. (ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಡಾಕ್ಟರಿಗೆ ತೋರಿಸದೆ ಅದು ಗೊತ್ತಾಗುವುದಿಲ್ಲ. ನಾಚಿಕೊಂಡು ಕೂರಬೇಡಿ.) ಆದರೆ 'ಏನೂ ಅಲ್ಲ' ಅನ್ನುವ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ ನೋಡಿ! ಹುಡುಗನ ತಾಯಿಗೆ ಅದು ಹೇಗೋ ತಲುಪಿತ್ತು. "ನಿಮ್ಮ ಮನೆತನದಲ್ಲಿ ಕಾಯಿಲೆ ಇದೆಯಂತಲ್ಲ" ಅಂತ ನೇರವಾಗಿ ಕೇಳಲಿಲ್ಲ, ಈ ವರ್ಷ ಹುಡುಗನಿಗೆ ಗುರುಬಲ ಇಲ್ಲವಂತೆ ಅಂದರು. ಒಂದು ತಿಂಗಳ ಹಿಂದೆ ಇದ್ದ ಗುರುಬಲ ಎಲ್ಲಿ ಹೋಯಿತೋ! ಅಂಥ ಮನೆಗೆ ಹುಡುಗಿ ಹೋಗದೆ ಇದ್ದದ್ದೇ ಒಳ್ಳೆಯದಾಯಿತು ಅಂತ ನಾನು ಅಂದೆ, ಈಗಲೂ ಅನ್ನುತ್ತೇನೆ. ಅವಳ ಮದುವೆ 2024ರಲ್ಲಿ ಬೇರೆ ಕಡೆ ಆಯಿತು, ಸುಖವಾಗಿದ್ದಾಳೆ.

ನನಗೆ ನೋವಾದದ್ದು ಬೇರೆಯದಕ್ಕೆ. ಅಂದಿನಿಂದ ಅಕ್ಕನ ಮಾತು ನಿಂತುಹೋಯಿತು. ಮೆಸೇಜು ಬರುತ್ತಿತ್ತು, ಬರುತ್ತಿರಲಿಲ್ಲವೆಂದಲ್ಲ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಮೇಲೆ 'ಶುಭೋದಯ', ಶನಿವಾರ ಹನುಮಂತ, ಗುರುವಾರ ರಾಯರು. ಮಧ್ಯಾಹ್ನ ಎರಡು ಗಂಟೆಗೆ ಏನೂ ಇಲ್ಲ. ನಾನು ಕೇಳಿದರೆ "ಎಲ್ಲ ಚೆನ್ನಾಗಿದೆ" ಅಂತ ಎರಡು ಪದ. ಆರು ತಿಂಗಳಿಗೆ ಮತ್ತೆ ಬಂದು ತೋರಿಸಿ ಅಂತ ಡಾಕ್ಟರು ಹೇಳಿದ್ದರು. ಅವಳು ಹೋಗಲೇ ಇಲ್ಲ. ಹೋದರೆ ಯಾರಿಗಾದರೂ ಹೇಳಬೇಕಲ್ಲ, ಹೇಳಿದರೆ ಮತ್ತೆ ಅದೇ ಕಥೆಯಲ್ಲವೇ ಅಂತ. ಅವಳಿಗೆ ಎಡಗಡೆ ನೋವಿದೆ ಅಂತ ನನಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ, ಗೌರಿ ಹಬ್ಬಕ್ಕೆ ಬಂದವಳು ಕೊಡ ಎತ್ತಲಾರದೆ ಕೆಳಗಿಟ್ಟಾಗ. ಅವತ್ತು ಹಿತ್ತಲ ಬಾಗಿಲಲ್ಲಿ ಕೂರಿಸಿಕೊಂಡು ಬೈದೆ, ಅತ್ತೆ, ಮಾರನೆಯ ದಿನ ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ದೇವರ ದಯೆ, ಏನೂ ಇರಲಿಲ್ಲ. ಇದ್ದಿದ್ದರೆ? ಒಂದು ಫಾರ್ವರ್ಡಿಗೆ ಒಂದು ವರ್ಷ ಹೋಗಿತ್ತು.

ಇದನ್ನೆಲ್ಲ ಕೇಳಿದ ನಮ್ಮ ಯಜಮಾನರು, "ಅದಕ್ಕೇ ಹೇಳೋದು, ಇಂಥವನ್ನೆಲ್ಲ ಫೋನಿನಲ್ಲಿ ಬರೀಬಾರದು" ಅಂದರು. ಎಷ್ಟು ಸುಲಭ! ಹಾಗಾದರೆ ಎಲ್ಲಿ ಹೇಳಿಕೊಳ್ಳಬೇಕು? ಬಾವಿಕಟ್ಟೆ ಹೋಯಿತು, ನಲ್ಲಿ ಮನೆಯೊಳಗೇ ಬಂತು. ಅಕ್ಕ ಇರುವುದು ಐದು ಗಂಟೆ ದಾರಿ. ಬರೆಯಬಾರದು ಅಂತ ಹೆಂಗಸರಿಗೆ ಬುದ್ಧಿ ಹೇಳುವವರು ಬಹಳ. ಇನ್ನೊಬ್ಬರ ಮಾತನ್ನು ಕೇಳದೆ ದಾಟಿಸಬಾರದು ಅಂತ ಹೇಳುವವರು ಎಲ್ಲಿದ್ದಾರೆ? ಅಡಿಗೆಯ ರುಚಿ ಹಂಚಿಕೊಂಡ ಹಾಗೆ ಅಲ್ಲ ಅದು. ಪಕ್ಕದ ಮನೆಯವರು ನಂಬಿ ಇಟ್ಟುಹೋದ ಒಡವೆಯನ್ನು ಮೆರವಣಿಗೆಗೆ ಹಾಕಿಕೊಂಡು ಹೋದ ಹಾಗೆ.

ಗುಟ್ಟು ಬೇರೆ, ಖಾಸಗಿ ಬೇರೆ. ಗುಟ್ಟಿನಲ್ಲಿ ತಪ್ಪಿರಬಹುದು, ಇಲ್ಲದೆಯೂ ಇರಬಹುದು. ಖಾಸಗಿ ಅಂದರೆ ಇದು ನನ್ನದು, ಯಾರಿಗೆ ಹೇಳಬೇಕು ಅನ್ನುವುದನ್ನು ನಾನು ತೀರ್ಮಾನಿಸುತ್ತೇನೆ ಅನ್ನುವುದು, ಅಷ್ಟೇ. ಈ ಮಾತನ್ನು ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ತೆಗೆದುಕೊಂಡು ಹೋದವರು ನಮ್ಮ ಕರ್ನಾಟಕದವರೇ. ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ಜನ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಹೇಳಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೊಂಬತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡರು. ಅದು ಸರ್ಕಾರದ ಎದುರಿನ ಹಕ್ಕಿನ ಮಾತು, ಮಾವನವರ ಪೊರಕೆಕಡ್ಡಿಯ ಮೇಲೋ ಓರಗಿತ್ತಿಯ ಮೇಲೋ ಹಿಡಿದುಕೊಂಡು ಕೋರ್ಟಿಗೆ ಹೋಗಲಾಗುವುದಿಲ್ಲ, ಹೋಗುವುದೂ ಬೇಡ. ಆದರೂ ಆ ಮುದುಕರ ವಿಷಯ ತಿಳಿದ ಮೇಲೆ, ಫೋನಿಗೆ ಬೀಗ ಹಾಕಿಕೊಳ್ಳುವಾಗ ನನಗಿದ್ದ ಅಳುಕು ಅರ್ಧ ಹೋಯಿತು.

ಇನ್ನು ಗುರುತಿಲ್ಲದವರ ಮೆಸೇಜು. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಇಟ್ಟುಕೊಂಡವರಿಗೆ ಇದು ಗೊತ್ತು. 'ಹಾಯ್', 'ಊಟ ಆಯ್ತಾ'. ಮುಖದ ಜಾಗದಲ್ಲಿ ಯಾರೋ ಹೀರೋ ಫೋಟೋ. ನಮ್ಮ ಬೀದಿಯ ಒಬ್ಬಾಕೆ ಒಳ್ಳೆಯ ರಂಗೋಲಿ ಹಾಕುತ್ತಾಳೆ, ಚುಕ್ಕಿ ತಪ್ಪುವುದಿಲ್ಲ. ಅದರ ಫೋಟೋ ಹಾಕಿದ್ದಕ್ಕೆ ಯಾವನೋ 'ಅಕ್ಕಾ, ತುಂಬಾ ಚೆನ್ನಾಗಿದೆ' ಅಂತ ಬರೆದ. ಅಕ್ಕ ಅಂದನಲ್ಲ ಅಂತ ಇವಳೂ ಥ್ಯಾಂಕ್ಸ್ ಅಂದಳು. ಹದಿನೈದು ದಿನಕ್ಕೆ ಅಕ್ಕ ಹೋಗಿ ಹೆಸರು ಬಂತು, ಆಮೇಲೆ ನಿಮ್ಮ ಫೋಟೋ ಕಳಿಸಿ ಅಂತ ಬಂತು. ಇಂಥದ್ದೆಲ್ಲ ನನಗೆ ಬೇಡ ಅಂದದ್ದಕ್ಕೆ, ನೀವು ನನ್ನ ಜೊತೆ ಮಾತಾಡಿದ್ದನ್ನೆಲ್ಲ ನಿಮ್ಮ ಗಂಡನಿಗೆ ಕಳಿಸುತ್ತೇನೆ ಅಂದ! ಆಡಿದ ಮಾತಾದರೂ ಏನು? ರಂಗೋಲಿಗೆ ಎಷ್ಟು ಚುಕ್ಕಿ ಅನ್ನುವುದು. ಆದರೂ ಆಕೆ ಒಂದು ವಾರ ಊಟ ಬಿಟ್ಟಿದ್ದಳು. ಯಾಕೆ ಅಂದರೆ, ಮೆಸೇಜು ಬಂದದ್ದೇ ಇವಳ ತಪ್ಪು ಅಂತ ಮನೆಯಲ್ಲಿ ಅಂದಾರು ಅನ್ನುವ ಭಯ. ಹೆಂಗಸಿಗೆ ಖಾಸಗಿ ಅನ್ನುವುದೇ ಇಲ್ಲ ಅಂತ ಇಟ್ಟಿರುವ ಮನೆಗಳಲ್ಲಿ ಇಂಥವರ ಆಟ ನಡೆಯುತ್ತದೆ. ಅವರಿಗೆ ಬಂಡವಾಳವೇ ಅದು.

ಆಕೆ ಸೆರಗಿನಲ್ಲಿ ಫೋನು ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಮಗಳು ಮಾಡಿದ್ದನ್ನು ಹೇಳುತ್ತೇನೆ, ನಿಮಗೂ ಬೇಕಾಗಬಹುದು. ಮೊದಲು ಆ ಮೆಸೇಜುಗಳನ್ನು ಅಳಿಸಲಿಕ್ಕೆ ಬಿಡಲಿಲ್ಲ. ಅಳಿಸಿದರೆ ಸಾಕ್ಷಿ ಹೋಗುತ್ತದೆ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ಅವನ ಖಾತೆಯ ವಿಳಾಸ ಬರೆದಿಟ್ಟುಕೊಂಡು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದಳು. ಫೇಸ್‌ಬುಕ್ಕಿನ ಪ್ರೊಫೈಲಿಗೆ ಬೀಗ ಹಾಕಿದಳು. ನಮ್ಮ ದೇಶದಲ್ಲಿ 2020ರಿಂದ ಆ ಸೌಲಭ್ಯ ಇದೆ, ಸ್ನೇಹಿತರಲ್ಲದವರಿಗೆ ನಮ್ಮ ಫೋಟೋಗಳು ಕಾಣುವುದಿಲ್ಲ. ಅವನು ಮತ್ತೆ ಬೇರೆ ಹೆಸರಿನಲ್ಲಿ ಬಂದ. ಆಗ ಆಕೆಯ ಗಂಡನನ್ನು ಕೂರಿಸಿ ನಾನೇ ಹೇಳಿದೆ. ನಾವು ಹೆದರಿದ ಹಾಗೆ ಆತ ಕೂಗಾಡಲಿಲ್ಲ. "ನನಗೆ ಮೊದಲೇ ಹೇಳೋದಲ್ವಾ" ಅಂತ ಒಂದೇ ಮಾತು ಅಂದು ಹೆಂಡತಿಯ ಜೊತೆ ಹೋಗಿ ದೂರು ಕೊಟ್ಟುಬಂದ. ಹೆಣ್ಣು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷನೊಬ್ಬ ಮತ್ತೆ ಮತ್ತೆ ಸಂಪರ್ಕಿಸಲು ನೋಡಿದರೆ, ಅವಳ ಇಂಟರ್ನೆಟ್ಟಿನ ಬಳಕೆಯ ಮೇಲೆ ಕಣ್ಣಿಟ್ಟರೆ ಅದು ಅಪರಾಧ. 2013ರಿಂದ ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಜಿಲ್ಲೆಗೊಂದರಂತೆ ಸಿಇಎನ್ ಠಾಣೆಗಳಿವೆ, ಸೈಬರ್ ದೂರು ಅಲ್ಲಿ ಕೊಡಬಹುದು. ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಠಾಣೆಯಾದರೂ ಆದೀತು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಮಗಳಂದಿರ ಫೋನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸಣ್ಣ ಮಕ್ಕಳ ಮಾತು ಬೇರೆ, ಅವರ ಫೋನು ನೋಡಲೇಬೇಕು. ಕಾಲೇಜಿಗೆ ಹೋಗುವ ಹುಡುಗಿಯ ಫೋನನ್ನು ಅವಳು ಸ್ನಾನಕ್ಕೆ ಹೋದಾಗ ತೆಗೆದು ಓದುವ ತಾಯಂದಿರನ್ನು ನಾನು ಬಲ್ಲೆ. ಪ್ರೀತಿಯಿಂದಲೇ ಮಾಡುತ್ತಾರೆ. ಹಾಗೆ ಓದಿಸಿಕೊಂಡ ಹುಡುಗಿ ತೊಂದರೆ ಬಂದ ದಿನ ತಾಯಿಯ ಹತ್ತಿರ ಬಂದಾಳೇ? ನನ್ನ ಮಗಳ ಫೋನಿನ ಅಂಕಿ ನನಗೆ ಗೊತ್ತಿಲ್ಲ. ರಾತ್ರಿ ನಿದ್ದೆ ಬಾರದಾಗ ಗೊತ್ತಿದ್ದರೆ ಚೆನ್ನಾಗಿತ್ತು ಅಂತ ಒಂದೊಂದು ಸಲ ಅನ್ನಿಸುತ್ತದೆ. ಆದರೂ ಕೇಳಿಲ್ಲ. ಅವಳೇ ಬಂದು ತೋರಿಸಿದ ಮೆಸೇಜುಗಳು ಎರಡು ಮೂರು ಇವೆ. ಅವು ಯಾವುವು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವಳದು.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮ ವಾಟ್ಸಾಪಿನಲ್ಲಿ ಮೂರು ಚುಕ್ಕಿ ಒತ್ತಿದರೆ 'ಲಿಂಕ್ಡ್ ಡಿವೈಸಸ್' ಅಂತ ಇರುತ್ತದೆ. ನಿಮ್ಮ ಫೋನು ಒಂದು ನಿಮಿಷ ಬೇರೆಯವರ ಕೈಗೆ ಸಿಕ್ಕರೆ ಅವರು ಅಲ್ಲಿಂದ ತಮ್ಮ ಕಂಪ್ಯೂಟರಿಗೆ ಜೋಡಿಸಿಕೊಂಡು ನಿಮ್ಮ ಮಾತನ್ನೆಲ್ಲ ಕೂತಲ್ಲೇ ಓದಬಹುದು. ನಾಲ್ಕು ಕಡೆವರೆಗೆ ಹಾಗೆ ಜೋಡಿಸಬಹುದು. ಇವತ್ತೇ ತೆಗೆದು ನೋಡಿ. ಗುರುತಿಲ್ಲದ ಹೆಸರೇನಾದರೂ ಇದ್ದರೆ ಅದರ ಮೇಲೆ ಒತ್ತಿ 'ಲಾಗ್ ಔಟ್' ಮಾಡಿ. ಫೋನಿಗೆ ಬಂದ ಓಟಿಪಿಯನ್ನಂತೂ ಯಾರಿಗೂ ಹೇಳಬೇಡಿ, ಬ್ಯಾಂಕಿನವರೆಂದರೂ, ತಮ್ಮನ ಸ್ನೇಹಿತನೆಂದರೂ.

ಅಕ್ಕ ಮತ್ತೆ ಮಾತಾಡಲಿಕ್ಕೆ ಶುರುಮಾಡಿದ್ದಾಳೆ. ಒಂದೇ ಸಲಕ್ಕಲ್ಲ, ಗೌರಿ ಹಬ್ಬದ ಆ ದಿನದಿಂದ ಒಂದೊಂದು ಮಾತಾಗಿ. 2023ರಲ್ಲಿ ವಾಟ್ಸಾಪಿನಲ್ಲಿ ಒಬ್ಬರ ಜೊತೆಗಿನ ಮಾತಿಗೆ ಮಾತ್ರ ಬೇರೆ ಬೀಗ ಹಾಕುವ ಸೌಲಭ್ಯ ಬಂತು. ನಾನೂ ಅವಳೂ ಅದನ್ನು ಹಾಕಿಕೊಂಡಿದ್ದೇವೆ. ಏಳು ದಿನಕ್ಕೆ ಮಾತು ತಾನಾಗಿ ಅಳಿಸಿಹೋಗುವ ಹಾಗೆಯೂ ಮಾಡಿದ್ದೇವೆ. ಅವಳಿಗೆ ಅದು ಬೇಕು ಅನ್ನಿಸಿತು, ನನಗೆ ಸ್ವಲ್ಪ ಬೇಜಾರೇ. ಅಮ್ಮನ ಇನ್‌ಲ್ಯಾಂಡುಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನಲ್ಲ, ಅಕ್ಕನ ಮಾತನ್ನು ಹಾಗೆ ಇಟ್ಟುಕೊಳ್ಳಲಾಗುವುದಿಲ್ಲ. ಓರಗಿತ್ತಿಯ ಜೊತೆಗೂ ಅಕ್ಕ ಚೆನ್ನಾಗಿದ್ದಾಳೆ, ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಾಳೆ. ಮೆಸೇಜು ಮಾತ್ರ ಬರೆಯುವುದಿಲ್ಲ.

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಬಂತು. ಅಷ್ಟು ಉದ್ದದ್ದು ಬಂದು ಬಹಳ ದಿನವಾಗಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದವಳು ಒಲೆ ಆರಿಸಿ, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದೆ. ನಮ್ಮವರು ಒಳಗಿನಿಂದ "ಏನಂತೆ ನಿಮ್ಮಕ್ಕನದು?" ಅಂತ ಕೇಳಿದರು. "ಮಾತಾಡಿದ್ದಾಳೆ ರೀ" ಅಂದೆ. ಅವರು "ಹೂಂ" ಅಂದು ಪೇಪರು ಓದುತ್ತಾ ಕೂತರು.